ಸೋಮವಾರದ ಸೂಜಿ

"ಬಾಯಿ ಮುಚ್ಚು ಫೌಸ್ಟಿನ್! ಇನ್ನೊಂದು ಮಾತು ಆಡಿದ್ರೆ ಈ ಸೌಟು ನಿನ್ನ ತಲೆಗೆ. ಯಾರು ನಿನ್ನನ್ನು ಮಸ್ಕತ್ತಿಗೆ ತಂದದ್ದು? ಹೇಳು, ಯಾರು ತಂದದ್ದು?"

"ನೀವೇ ತಂದದ್ದು ಬಾವ. ನಾನು ಇಲ್ಲ ಅಂದೆನಾ?"

"ವೀಸಾಕ್ಕೆ ಅರ್ಬಾಬನ ಹಿಂದೆ ನಾಯಿಯ ಹಾಗೆ ತಿರುಗಿದವ ನಾನು. ಏರ್‌ಪೋರ್ಟಿಗೆ ಬಂದವ ನಾನು. ನಿನ್ನ ಕಾಲಲ್ಲಿ ಸರಿಯಾದ ಒಂದು ಚಪ್ಪಲಿ ಸಹ ಇರ್ಲಿಲ್ಲ, ಅದನ್ನು ತೆಗೆಸಿಕೊಟ್ಟವ ನಾನು. ಈಗ ನನ್ನ ಮನೆಗೇ ಹೊಕ್ಕು ಕೂತ್ಕೊಳ್ತೀಯಾ?"

"ಎಲ್ಲಿಯ ಮನೆ ಬಾವ?"

"ಜಂಜಿಬಾರಿನ ಮನೆ!"

ಸೌಟಿನಿಂದ ಮೀನಿನ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಪಿಯುಸ್ ಲೋಬೊನಿಗೆ ಅದು ಕಾಣಲಿಲ್ಲ. ಸಿಟ್ಟು ಬಂದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ನಲವತ್ತೈದು ದಾಟಿದರೂ ಆ ಗುಣ ಬಿಟ್ಟಿರಲಿಲ್ಲ. ಬೈಗುಳವನ್ನು ಕೊಂಕಣಿಯಲ್ಲಿ ಬೈಯುತ್ತಿದ್ದ, ನ್ಯಾಯವನ್ನು ಕನ್ನಡದಲ್ಲಿ ಕೇಳುತ್ತಿದ್ದ. ಮೂಲೆಯ ಮಂಚದಲ್ಲಿ ಹಳೆಯ ವಾರಪತ್ರಿಕೆ ಹಿಡಿದು ಕೂತಿದ್ದ ಮೈಸೂರಿನ ಶ್ಯಾಮಸುಂದರನಿಗೂ ಅರ್ಥವಾಗಲಿ, ಒಬ್ಬ ಸಾಕ್ಷಿ ಇರಲಿ ಎಂದು.

"ನೀವೇ ಹೇಳಿ ಶ್ಯಾಮಣ್ಣ, ಇದು ಸರಿಯಾ?"

ಕಂಪನಿಯಲ್ಲಿ ಟೈಪಿಂಗ್ ನೋಡಿಕೊಳ್ಳುವ ಶ್ಯಾಮಸುಂದರ ತಲೆ ಎತ್ತಲಿಲ್ಲ. "ಬಾವ ಬಾಮೈದನ ಜಗಳದಲ್ಲಿ ನನ್ನನ್ಯಾಕ್ರೀ ಎಳೀತೀರಾ? ವಾರಕ್ಕೊಂದು ಶುಕ್ರವಾರ ರಜ. ಅದನ್ನೂ ಹಾಳ್ಮಾಡ್ಬೇಡಿ."

"ಅರ್ಬಾಬ್ ನನ್ನನ್ನು ಜಂಜಿಬಾರಿಗೆ ಕರೆದ್ರು, ನಾನು ಆಯ್ತು ಅಂದೆ," ಎಂದ ಫೌಸ್ಟಿನ್. ಅವನು ನೀರುಳ್ಳಿ ಹೆಚ್ಚುವುದನ್ನು ನಿಲ್ಲಿಸಿರಲಿಲ್ಲ. "ಧಣಿ ಕರೆದ್ರೆ ಬರುದಿಲ್ಲ ಅಂತ ಹೇಗೆ ಹೇಳುದು?"

"ಬಾವನಿಗೆ ಮಾತು ಕೊಟ್ಟಿದ್ದೀರಿ, ಅವರನ್ನು ಕರ್ಕೊಂಡು ಹೋಗಿ ಅಂತ ಒಂದು ಮಾತು ಹೇಳ್ಲಿಕ್ಕೆ ನಾಲಗೆ ಬಿದ್ದುಹೋಗಿತ್ತಾ?"

"ಹೇಳಿದೆ ಬಾವ. ಅವರಿಗೆ ನೆನಪೇ ಇಲ್ಲ."

ನೆನಪೇ ಇಲ್ಲ. ಪಿಯುಸ್ ಸೌಟನ್ನು ಪಾತ್ರೆಗೆ ಎಸೆದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲು ಇಳಿದು ಹೋದ. ಆ ದಿನದ ಅಂಜಲ್ ಮೀನಿನ ಸಾರನ್ನು ಅವನು ಮುಟ್ಟಲಿಲ್ಲ.

ಮಸ್ಕತ್ತಿನ ಮತ್ರಾ ಬಂದರಿಗೆ ಬರುವ ಹಡಗುಗಳಿಗೆ ಹಗ್ಗ, ಬಣ್ಣ, ತರಕಾರಿ, ಮಾಂಸ ಒದಗಿಸುವ ಕಂಪನಿ ಅದು. ಸೂಕ್ ಎಂಬ ಹಳೆಯ ಪೇಟೆಯ ಹಿಂದಿನ ಓಣಿಯಲ್ಲಿ ಕೆಳಗೆ ಗೋದಾಮು, ಮೇಲೆ ಕೆಲಸದವರ ಕೋಣೆ. ಎಪ್ಪತ್ತೆಂಟರಲ್ಲಿ ಶಿರ್ವದಿಂದ ಬಂದ ಪಿಯುಸ್ ಹದಿನಾಲ್ಕು ವರ್ಷದಲ್ಲಿ ಮೂಟೆ ಹೊರುವವನಿಂದ ಗೋದಾಮಿನ ಮೇಲ್ವಿಚಾರಕನಾಗಿದ್ದ. ಊರಿನ ಇಗರ್ಜಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಮಾತ್ರ ಓದಿದವನು ಲಾರಿ ಡ್ರೈವರುಗಳ ಬಾಯಿಯಿಂದ ಅರಬ್ಬಿ ಹೆಕ್ಕಿ ಹೆಕ್ಕಿ ಕಲಿತಿದ್ದ. ತಪ್ಪು ಮಾತಾಡಿ ನಗೆಪಾಟಲಾಗಿದ್ದ, ಮತ್ತೆ ಮಾತಾಡಿದ್ದ. ಈಗ ಬಂದರಿನ ಪೊಲೀಸನ ಜೊತೆ ಅರಬ್ಬಿಯಲ್ಲೇ ಜಗಳವಾಡುವಷ್ಟು ಬರುತ್ತಿತ್ತು. ಅವನಿಗಿದ್ದ ಒಂದೇ ಹೆಮ್ಮೆ ಅದು.

ಹೆಂಡತಿ ಲಿಲ್ಲಿ, ಮಗಳು ಜೇನ್ ಊರಲ್ಲಿ. ಸಂಸಾರವನ್ನು ಕರೆಸಿಕೊಳ್ಳಲು ಸರಕಾರ ಇಂತಿಷ್ಟು ಸಂಬಳ ಇರಬೇಕೆಂದು ಹೇಳುತ್ತಿತ್ತು. ಪಿಯುಸನ ಸಂಬಳ ಆ ಗೆರೆಯನ್ನು ಎಂದೂ ಮುಟ್ಟಲಿಲ್ಲ. ಗಲ್ಫಿನ ಭಾಷೆಯಲ್ಲಿ ಅವನು 'ಬ್ಯಾಚುಲರ್'. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮದುವೆಯಾಗಿ ಮಸ್ಕತ್ತಿಗೆ ಹೊರಡುವ ಮೊದಲಿನ ಎರಡು ತಿಂಗಳು, ಆಮೇಲಿನ ಎಲ್ಲ ರಜೆ ಕೂಡಿಸಿದರೆ ಲಿಲ್ಲಿಯ ಜೊತೆ ಅವನು ಬಾಳಿದ್ದು ಬರೇ ಹದಿನಾಲ್ಕು ತಿಂಗಳು. ಕಳೆದ ಸಲ ಊರಿಗೆ ಹೋದಾಗ ಹನ್ನೊಂದು ವರ್ಷದ ಜೇನ್, ಮೂರನೆಯ ದಿನ ಊಟಕ್ಕೆ ಕೂತಿರುವಾಗ, ಯಾವ ಕೆಟ್ಟ ಮನಸ್ಸೂ ಇಲ್ಲದೆ, "ಡ್ಯಾಡಿ, ನೀವು ಯಾವಾಗ ಹೋಗುದು?" ಎಂದು ಕೇಳಿದ್ದಳು.

ಆ ರಜೆ ಮುಗಿಸಿ ಬಂದ ಹೊಸದರಲ್ಲೇ ಕಂಪನಿಯ ಧಣಿ, ಅರ್ಬಾಬ್ ಸಾಲಿಂ ಬಿನ್ ನಾಸರ್, ಗೋದಾಮಿಗೆ ಬಂದು ಹಗ್ಗದ ಸುರುಳಿಯ ಮೇಲೆ ಕೂತು ಆ ಮಾತು ಹೇಳಿದ್ದ. ಅರ್ಬಾಬ್ ಹುಟ್ಟಿದ್ದು ಜಂಜಿಬಾರಿನಲ್ಲಿ. ಅಲ್ಲಿನ ಗಲಭೆಯ ಕಾಲದಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ, ತಾಯಿಯ ಜೊತೆ ದೋಣಿ ಹತ್ತಿ ಬಂದವನು. "ದೇವರು ಬಯಸಿದರೆ ಅಲ್ಲೊಂದು ಆಫೀಸು ತೆರೆಯುತ್ತೇನೆ ಪಿಯುಸ್. ಇಲ್ಲಿಂದ ಹಗ್ಗ, ಬಣ್ಣ ಹೋಗಲಿ, ಅಲ್ಲಿಂದ ಲವಂಗ ಬರಲಿ. ಆಫೀಸಿನ ಹಿಂದೆಯೇ ಮನೆ ಇದೆ. ನೀನು ಹೋಗು, ಹೆಂಡತಿಯನ್ನು ಕರೆಸಿಕೋ." ಪಿಯುಸ್ ಅಂದೇ ಕಾಗದ ಬರೆದ. ಲಿಲ್ಲಿ ಅದನ್ನು ಇಗರ್ಜಿಯ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಓದಿ ಹೇಳಿದಳು.

ಲಿಲ್ಲಿಯ ತಮ್ಮ ಫೌಸ್ಟಿನ್ ಒಂಬತ್ತು ವರ್ಷ ಮೊಂಬಾಸದ ಬಂದರಿನಲ್ಲಿ ಗುಮಾಸ್ತನಾಗಿದ್ದು, ಕಂಪನಿ ಮುಳುಗಿದ ಮೇಲೆ ಬರಿಗೈಯಲ್ಲಿ ಊರಿಗೆ ಬಂದಿದ್ದ. ಲಿಲ್ಲಿ ಕಾಗದದಲ್ಲಿ ಅತ್ತಳು. ಪಿಯುಸ್ ವೀಸಾ ಮಾಡಿಸಿದ. ಮೊದಲ ದಿನ ಅವನನ್ನು ಅರ್ಬಾಬನ ಮುಂದೆ ನಿಲ್ಲಿಸಿ, ತನ್ನ ಅಚ್ಚುಕಟ್ಟಾದ ಅರಬ್ಬಿಯಲ್ಲಿ, "ಒಳ್ಳೆಯ ಹುಡುಗ, ಮೊದಲು ಮೊಂಬಾಸದಲ್ಲಿದ್ದ" ಎಂದ. ಅರ್ಬಾಬ್ ಕನ್ನಡಕ ತೆಗೆದ. ಸ್ವಾಹಿಲಿಯಲ್ಲಿ ಏನೋ ಕೇಳಿದ. ಫೌಸ್ಟಿನ್ ಥಟ್ಟನೆ ಏನೋ ಹೇಳಿದ. ಅರ್ಬಾಬ್ ಮೇಜು ಬಡಿದು ನಕ್ಕ. ಹದಿನಾಲ್ಕು ವರ್ಷದಲ್ಲಿ ಆ ಮನುಷ್ಯನಿಗೆ ಅಷ್ಟು ಹಲ್ಲುಗಳಿರುವುದು ಪಿಯುಸನಿಗೆ ಗೊತ್ತಿರಲಿಲ್ಲ.

ಅಂದಿನಿಂದ ಶುರುವಾಯಿತು ಉರಿ. ಅರ್ಬಾಬನ ತಾಯಿ ಫಾತಿಮಾ ಬೀಬಿಗೆ, ಮಸ್ಕತ್ತಿಗೆ ಬಂದು ಮೂವತ್ತು ವರ್ಷವಾಗುತ್ತಿದ್ದರೂ, ಅರಬ್ಬಿ ನಾಲಗೆಗೆ ಹತ್ತಿರಲಿಲ್ಲ. ಸ್ವಾಹಿಲಿಯಲ್ಲಿ ಮಾತಾಡಲು ಒಬ್ಬ ಸಿಕ್ಕಿದನೆಂದು ಮುದುಕಿ ಫೌಸ್ಟಿನನನ್ನು ವಾರಕ್ಕೆರಡು ಸಲ ಮನೆಗೆ ಕರೆಸುತ್ತಿದ್ದಳು. ಪಿಯುಸ್ ಪ್ರತಿ ಈದ್ ಹಬ್ಬಕ್ಕೂ ಆ ಮನೆಗೆ ಹೋಗಿದ್ದ. ಬಂದವರನ್ನು ಕೂರಿಸುವ ಹೊರಗಿನ ಮಜ್ಲಿಸ್‌ನಲ್ಲಿ ಕೂತು, ಖರ್ಜೂರ ತಿಂದು, ಕಾಫಿ ಕುಡಿದು ಎದ್ದು ಬಂದಿದ್ದ. ಫೌಸ್ಟಿನ್ ಒಳಗಿನ ಅಂಗಳದಲ್ಲಿ ಕೂತು ತೆಂಗಿನಕಾಯಿ ಹಾಕಿದ ಸಾರು ಉಂಡು ಬರುತ್ತಿದ್ದ. ಬಂದು ಅದನ್ನು ವರ್ಣಿಸುತ್ತಿದ್ದ ಬೇರೆ. "ಥೇಟ್ ನಮ್ಮ ಅಮ್ಮ ಮಾಡಿದ ಹಾಗೇ ಬಾವ!" ಪಿಯುಸ್ "ಹೌದಾ" ಎನ್ನುತ್ತಿದ್ದ.

ಕೊನೆಗೆ ಇದು. ಎರಡು ವಾರ ಕಳೆದು ಅರ್ಬಾಬ್ ಜಂಜಿಬಾರಿಗೆ ಹೋಗುವುದು, ಜೊತೆಗೆ ಫೌಸ್ಟಿನ್. ಆಫೀಸು ತೆರೆದ ಮೇಲೆ ಅವನು ಅಲ್ಲೇ ಉಳಿಯುವುದು.

ಶನಿವಾರ ಬೆಳಿಗ್ಗೆ ಗೋದಾಮಿನ ಫೋನು ಹೊಡೆದುಕೊಂಡಿತು. ಆಫೀಸಿನಲ್ಲಿ ಟಿಕೆಟ್ಟು, ವೀಸಾದ ಕೆಲಸ ನೋಡುವ ಕೇರಳದ ಮ್ಯಾಥ್ಯೂ.

"ಪಿಯುಸ್ ಭಾಯಿ, ಫೌಸ್ಟಿನ್ ಇದ್ದಾನಾ?"

"ಹಡಗಿಗೆ ಹೋಗಿದ್ದಾನೆ. ಎಂತ?"

"ಆಫ್ರಿಕಾಕ್ಕೆ ಹೋಗುವವರಿಗೆ ಹಳದಿ ಜ್ವರದ ಇಂಜೆಕ್ಷನ್ ಬೇಕು. ರೂವಿಯ ಆಸ್ಪತ್ರೆಯಲ್ಲಿ ಸೋಮವಾರ ಎಂಟು ಗಂಟೆಗೆ ಕೊಡ್ತಾರೆ, ವಾರಕ್ಕೆ ಒಂದೇ ದಿನ. ಈ ಸೋಮವಾರ ತಪ್ಪಿದರೆ ಹೊರಡುವಷ್ಟರಲ್ಲಿ ಚುಚ್ಚಿಸಿ ಹತ್ತು ದಿನ ತುಂಬೋದಿಲ್ಲ, ವಿಮಾನ ಹತ್ತಿಸೋದಿಲ್ಲ. ಅರ್ಬಾಬ್ ಹೋಗಿ ಚುಚ್ಚಿಸಿಕೊಂಡು ಬಂದಾಯ್ತು. ಇವನಿಗೆ ನೀನೇ ಹೇಳಿಬಿಡು. ಮರೀಬೇಡ."

"ಆಯ್ತು," ಎಂದ ಪಿಯುಸ್.

ಹೇಳಬಾರದೆಂದು ಅವನೇನೂ ಆಗಲೇ ನಿಶ್ಚಯಿಸಿರಲಿಲ್ಲ. ಸಂಜೆ ಚಹಾದ ಹೊತ್ತಿಗೆ ಹೇಳೋಣ ಎಂದುಕೊಂಡಿದ್ದ. ಆದರೆ ಸಂಜೆ ಫೌಸ್ಟಿನ್ ಬಂದದ್ದು ಬೀಬಿ ಕೊಟ್ಟ ಡಬ್ಬಿಯೊಂದಿಗೆ. ಒಳಗೆ ಬಿಸಿ ಬಿಸಿ ಮಂದಾಜಿ, ನಮ್ಮ ಬನ್ಸಿನಂಥದ್ದು. ನಿನ್ನೆಯ ಜಗಳ ಆಗಿಯೇ ಇಲ್ಲವೆಂಬಂತೆ ಅವನು ಡಬ್ಬಿ ಮುಂದಿಟ್ಟ.

"ತಿನ್ನಿ ಬಾವ. ಸಿಟ್ಟಿಗೂ ಸ್ವಲ್ಪ ಸಕ್ಕರೆ ಬೇಕಾಗ್ತದೆ."

ಪಿಯುಸ್ ಒಂದು ತೆಗೆದುಕೊಂಡ. ಹೇಳಲು ಬಾಯಿಯನ್ನೂ ತೆರೆದ.

"ಬೀಬಿ ಇವತ್ತು ಆ ಮನೆಯ ಸಂಗತಿ ಹೇಳಿದ್ಳು," ಎಂದ ಫೌಸ್ಟಿನ್, ಕಾಲು ಮಡಚಿ ಮಂಚದ ಮೇಲೆ ಕೂರುತ್ತ. "ಅಂಗಳದಲ್ಲಿ ಬಾವಿ ಉಂಟಂತೆ. ಸಿಹಿನೀರು. ಅಡಿಗೆಕೋಣೆಯ ಕಿಟಕಿಯಿಂದ ಸಮುದ್ರ ಕಾಣ್ತದಂತೆ. ನಾನು ಕ್ಯಾರೋಲಿನ್‌ಗೆ ಕಾಗದ ಹಾಕಿಯೇ ಬಿಟ್ಟೆ. ಮದುವೆಯಾಗಿ ಮೂರು ವರ್ಷ, ಪಾಪ, ಒಂದು ದಿನ ಸಹ ಅವಳದ್ದೇ ಅಂತ ಒಂದು ಒಲೆ ಹಚ್ಚಿದ್ದಿಲ್ಲ."

ಪಿಯುಸ್ ಅರ್ಧ ತಿಂದ ಮಂದಾಜಿಯನ್ನು ಡಬ್ಬಿಗೆ ಹಾಕಿದ. ಮೂರು ವರ್ಷ! ಮೂರೇ ವರ್ಷಕ್ಕೆ ಪಾಪ. ಅವನು ನೀರು ಕುಡಿದು, ಬಾಯಿ ಒರೆಸಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿದ.

ಸೋಮವಾರ ಬೆಳಿಗ್ಗೆ ಹಲ್ಲುನೋವೆಂದು ಅರ್ಧ ದಿನದ ರಜೆ ಕೇಳಿ ರೂವಿಯ ಬಸ್ಸು ಹಿಡಿದ. ಯಾಕೆ ಹೋಗುತ್ತಿದ್ದೇನೆಂದು ಬಸ್ಸಿನಲ್ಲಿ ಕೂತಾಗಲೂ ಅವನು ತನಗೆ ತಾನೇ ನೇರವಾಗಿ ಹೇಳಿಕೊಳ್ಳಲಿಲ್ಲ. ಸೂಜಿ ಚುಚ್ಚುವ ನರ್ಸು ಮೂಲ್ಕಿಯವಳು, ಇಸಾಬೆಲ್ಲಾ ಎಂದು ಎದೆಯ ಮೇಲಿನ ಪಟ್ಟಿಯಲ್ಲಿತ್ತು. ಇವನ ಹೆಸರು ನೋಡಿ ಕೊಂಕಣಿಯಲ್ಲೇ ಮಾತಿಗಿಳಿದಳು.

"ಎಲ್ಲಿಗೆ ಪ್ರಯಾಣ?"

"ಜಂಜಿಬಾರಿಗೆ. ಅಲ್ಲಿನ ಆಫೀಸಿಗೆ ಮ್ಯಾನೇಜರ್."

"ಓ! ಫ್ಯಾಮಿಲಿ?"

"ಹೆಂಡ್ತಿ, ಮಗಳು ಬರ್ತಾರೆ. ಆಫೀಸಿನ ಹಿಂದೆಯೇ ಮನೆ. ಅಂಗಳದಲ್ಲಿ ಬಾವಿ ಉಂಟು. ಅಡಿಗೆಕೋಣೆಯಿಂದ ಸಮುದ್ರ ಕಾಣ್ತದೆ."

"ಪುಣ್ಯವಂತೆ ನಿಮ್ಮ ಹೆಂಡ್ತಿ. ಕೈ ಸಡಿಲ ಬಿಡಿ."

ಸೂಜಿ ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವಳು ಹಳದಿ ರಟ್ಟಿನ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಮೊಹರು ಒತ್ತಿ ಕೊಟ್ಟಳು. ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಹೊರಬಂದ ಪಿಯುಸ್ ಮತ್ರಾದವರೆಗೆ ನಿಂತೇ ಬಂದ. ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು.

ಗುರುವಾರ ಜ್ವರ ಬಂತು. ಆ ಇಂಜೆಕ್ಷನ್ನಿಗೆ ಕೆಲವರಿಗೆ ಹಾಗಾಗುತ್ತದೆಂದು ಇಸಾಬೆಲ್ಲಾ ಹೇಳಿದ್ದಳು. ಫೌಸ್ಟಿನ್ ಕೆಲಸದಿಂದ ಬಂದವನೇ ಬಾವನ ಹಣೆ ಮುಟ್ಟಿ ನೋಡಿ, ಕುಚ್ಚಲಕ್ಕಿಯ ಗಂಜಿಗಿಟ್ಟ. ಅಕ್ಕ ಕಳಿಸಿದ್ದ ಮಿಡಿಮಾವಿನ ಉಪ್ಪಿನಕಾಯಿಯ ತಳ ಕೆರೆದ. ಎಡತೋಳು ಬಾತಿರುವುದು ಕಾಣದಂತೆ ಪಿಯುಸ್ ಹೊದಿಕೆ ಹೊದ್ದು ಬಲಗೈಯಲ್ಲಿ ಕುಡಿದ.

"ಹಲ್ಲುನೋವಿಗೆ ಇಷ್ಟು ಜ್ವರ ಬರ್ತದಾ ಬಾವ? ಎಲ್ಲಾದ್ರೂ ಆ ಡಾಕ್ಟ್ರು ಹಲ್ಲಿನ ಬದ್ಲು ಬುದ್ಧಿ ಕಿತ್ತನಾ?"

ಶ್ಯಾಮಸುಂದರ ಗೊಳ್ಳೆಂದು ನಕ್ಕ. ಪಿಯುಸನೂ ನಕ್ಕ. ಬಟ್ಟಲು ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ.

ಅದರ ಮುಂದಿನ ವಾರದ ಬುಧವಾರ ಅರ್ಬಾಬ್ ಎಲ್ಲರನ್ನೂ ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಟಿಕೆಟ್ಟುಗಳಿದ್ದವು. ಮ್ಯಾಥ್ಯೂ ಕಡತ ತಿರುವುತ್ತ ಗಾಬರಿಯಾಗಿ, "ಫೌಸ್ಟಿನ್ ಹೋದ ವಾರ ಸೋಮವಾರ ಇಂಜೆಕ್ಷನ್ನಿಗೆ ಹೋಗಿಲ್ಲವಂತೆ. ರೂವಿಗೆ ಫೋನು ಮಾಡಿ ಕೇಳಿದೆ. ಅವರ ಪಟ್ಟಿಯಲ್ಲಿ ಇವನ ಹೆಸರಿಲ್ಲ," ಎಂದ.

ಅರ್ಬಾಬ್ ಫೌಸ್ಟಿನನ ಮುಖ ನೋಡಿದ. ಈ ಗಳಿಗೆಗಾಗಿ ಪಿಯುಸ್ ಒಂಬತ್ತು ದಿನ ಕಾದಿದ್ದ. ಮುಂದೆ ಬಂದು ಹಳದಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ರಾತ್ರಿಯೆಲ್ಲ ಉರುಹೊಡೆದಿದ್ದ ಅರಬ್ಬಿಯಲ್ಲಿ ಹೇಳಿದ: "ಅರ್ಬಾಬ್, ನನ್ನದು ಆಗಿದೆ. ನಾನು ತಯಾರಿದ್ದೇನೆ. ನೀವು ಎರಡು ವರ್ಷದ ಹಿಂದೆ ನನಗೆ ಮಾತು ಕೊಟ್ಟಿದ್ದಿರಿ."

ಫೌಸ್ಟಿನ್ ತನ್ನ ಪಾಸ್‌ಪೋರ್ಟಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆರಳು ಹಾಕಿ ಮತ್ತೊಂದು ಹಳದಿ ಪುಸ್ತಕ ಹೊರತೆಗೆದ. ಮೂಲೆ ಮಡಚಿ, ಬೆವರಿನಿಂದ ಬಣ್ಣಗೆಟ್ಟ ಹಳೆಯ ಪುಸ್ತಕ.

"ನನ್ನದು ಮೊಂಬಾಸದಲ್ಲೇ ಆಗಿದೆ. ಎಂಬತ್ತಾರರಲ್ಲಿ. ಹತ್ತು ವರ್ಷ ನಡೀತದೆ," ಎಂದ ಅವನು. "ಇಂಜೆಕ್ಷನ್ ಬೇಕು ಅಂತ ನನಗೆ ಯಾರೂ ಹೇಳ್ಲೇ ಇಲ್ಲ. ಹೇಳಿದ್ರೆ ಇದನ್ನು ತೋರಿಸ್ತಿದ್ದೆ."

ಆಫ್ರಿಕಾದಲ್ಲಿ ಒಂಬತ್ತು ವರ್ಷ ಇದ್ದವನ ಹತ್ತಿರ ಆ ಪುಸ್ತಕ ಇಲ್ಲದೆ ಇರುತ್ತದೆಯೇ! ಅದಿಲ್ಲದೆ ಬೊಂಬಾಯಿಯಲ್ಲಿ ಅವನನ್ನು ಇಳಿಯಲು ಬಿಡುತ್ತಿದ್ದರೇ! ಇಷ್ಟು ಸಣ್ಣ ಸಂಗತಿ ಪಿಯುಸನ ತಲೆಗೆ ಹೊಳೆದಿರಲಿಲ್ಲ.

"ನಾನು ಶನಿವಾರವೇ ಪಿಯುಸ್ ಭಾಯಿಗೆ ಹೇಳಿದ್ದೆನಲ್ಲ," ಎಂದ ಮ್ಯಾಥ್ಯೂ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ.

ಅರ್ಬಾಬ್ ಎರಡೂ ಪುಸ್ತಕಗಳನ್ನು ಕೈಗೆತ್ತಿಕೊಂಡು ತಾರೀಕು ನೋಡಿದ. "ಸೋಮವಾರ," ಎಂದ ಅರಬ್ಬಿಯಲ್ಲಿ. "ಅವತ್ತು ನಿನಗೆ ಹಲ್ಲುನೋವಿತ್ತು."

ಬೈಯುತ್ತಾನೆ, ಕೆಲಸದಿಂದ ತೆಗೆಯುತ್ತಾನೆ ಎಂದು ಪಿಯುಸ್ ಕಾದ. ಅರ್ಬಾಬ್ ಬೈಯಲಿಲ್ಲ. ಫೌಸ್ಟಿನನ ಕಡೆ ತಿರುಗಿ ಸ್ವಾಹಿಲಿಯಲ್ಲಿ ಏನೋ ಕೇಳಿದ. ಫೌಸ್ಟಿನ್ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಉತ್ತರ ಕೊಟ್ಟ. ಉತ್ತರ ಉದ್ದವಾಗಿತ್ತು. ನಡುವೆ ಎರಡು ಸಲ ಲಿಲ್ಲಿಯ ಹೆಸರು ಬಂತು. ತನ್ನ ಹೆಂಡತಿಯ ಹೆಸರೊಂದನ್ನು ಬಿಟ್ಟು ಬೇರೊಂದು ಶಬ್ದವೂ ಪಿಯುಸನಿಗೆ ಅರ್ಥವಾಗಲಿಲ್ಲ. ಅರ್ಬಾಬನ ಮುಖ ಮೆತ್ತಗಾಯಿತು. ಎದ್ದು ಬಂದು ಹಳದಿ ಪುಸ್ತಕವನ್ನು ಪಿಯುಸನ ಕೈಗೆ ಕೊಟ್ಟು, ಭುಜ ತಟ್ಟಿದ.

"ಖಲಾಸ್, ಪಿಯುಸ್. ಹೋಗು, ಕೆಲಸ ನೋಡು."

ಸಂಜೆ ಪಿಯುಸ್ ಕೋಣೆಗೆ ಬಂದಾಗ ಫೌಸ್ಟಿನ್ ತನ್ನ ಕಬ್ಬಿಣದ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ.

"ಎಂತ ಹೇಳಿದೆ ನನ್ನ ಬಗ್ಗೆ?"

"ಕೆಟ್ಟದ್ದು ಹೇಳ್ಲಿಲ್ಲ ಬಾವ."

"ಎಂತ ಹೇಳಿದೆ ಅಂತ ಕೇಳಿದ್ದು! ಲಿಲ್ಲಿಯ ಹೆಸರು ಯಾಕೆ ಬಂತು ಅಲ್ಲಿ?"

ಫೌಸ್ಟಿನ್ ಒಂದು ಅಂಗಿ ಮಡಚಿ ಒಳಗಿಟ್ಟ. "ನೀವು ಅಕ್ಕನ ಒಟ್ಟಿಗೆ ಬಾಳಿದ್ದು ಬರೇ ಹದಿನಾಲ್ಕು ತಿಂಗಳು ಅಂತ ಹೇಳಿದೆ. ಅವಳ ಒಟ್ಟಿಗೆ ಇರ್ಲಿಕ್ಕೆ ಆಸೆಯಿಂದ ಹೀಗೆ ಮಾಡಿದ್ರು, ಕೆಟ್ಟ ಮನುಷ್ಯ ಅಲ್ಲ, ಕೆಲಸದಿಂದ ತೆಗೀಬೇಡಿ ಅಂತ ಹೇಳಿದೆ."

ಪಿಯುಸನ ಕೈ ಅವನಿಗಿಂತ ಮೊದಲೇ ಎದ್ದಿತ್ತು. ಕಪಾಳಕ್ಕೆ ಬಿದ್ದ ಏಟಿನ ಸದ್ದಿಗೆ ಶ್ಯಾಮಸುಂದರ ಎದ್ದು ನಿಂತ. "ಏ, ಪಿಯುಸ್! ಏನ್ರೀ ಇದು, ಬಿಡ್ರೀ!"

"ನನ್ನ ಸಂಸಾರದ ಮಾತು ಆ ಅರಬ್ಬಿಯವನ ಮುಂದೆ ಬಿಡಿಸಿಟ್ಯಾ? ಬೈಯಬೇಕಿತ್ತು ನೀನು! ಕಳ್ಳ, ಸುಳ್ಳ, ಹೊಟ್ಟೆಕಿಚ್ಚಿನವ ಅನ್ಬೇಕಿತ್ತು! ಆಗ ಗಂಡಸು ಅಂತಿದ್ದೆ. ನನ್ನ ಮೇಲೆ ಕನಿಕರ ಮಾಡ್ಲಿಕ್ಕೆ ನೀನು ಯಾರು?"

ಫೌಸ್ಟಿನ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಟ್ರಂಕಿನ ಮುಚ್ಚಳ ಹಾಕಿ ಚಿಲಕ ಬಿಗಿದ. ಬಾಗಿದವನು ಏಳುವಾಗ ಅವನ ಕಣ್ಣು ಕೆಂಪಾಗಿತ್ತು. ದನಿ ಮಾತ್ರ ನೆಟ್ಟಗಿತ್ತು.

"ಜ್ವರ ಬಂದ ದಿನ ಗಂಜಿ ಕುಡಿದ್ರಲ್ಲ ಬಾವ. ಆಗ ಸಹ ಹೇಳ್ಬಹುದಿತ್ತು. ಮರುದಿನ ನಾನು ಅರ್ಬಾಬನ ಹತ್ತಿರ ಹೋಗಿ, ಬಾವನನ್ನೇ ಕಳಿಸಿ ಅಂತ ಕಾಲು ಹಿಡೀತಿದ್ದೆ."

"ಸುಳ್ಳು!"

"ಇರ್ಬಹುದು. ಈಗ ನನಗೂ ಗೊತ್ತಿಲ್ಲ." ಟ್ರಂಕನ್ನು ಹೆಗಲಿಗೇರಿಸಿಕೊಂಡ. "ಬೀಬಿಯ ಮನೆಯ ಹಿಂದೆ ಕೋಣೆ ಉಂಟು. ಹೋಗುವವರೆಗೆ ಅಲ್ಲಿರ್ತೇನೆ. ಅಕ್ಕನಿಗೆ ನಾನು ಏನೂ ಬರೆಯುವುದಿಲ್ಲ. ನೀವೇ ಬರೀರಿ."

"ಹೋಗು! ಇನ್ನು ಈ ಮೆಟ್ಟಿಲು ಹತ್ತಿದ್ರೆ ನೋಡು!"

ಫೌಸ್ಟಿನ್ ಶ್ಯಾಮಸುಂದರನಿಗೆ ತಲೆಯಾಡಿಸಿ ಹೊರಟ. ಇಕ್ಕಟ್ಟಾದ ಮೆಟ್ಟಿಲಲ್ಲಿ ಟ್ರಂಕು ಗೋಡೆಗೆ ತಾಗುತ್ತ ತಾಗುತ್ತ ಇಳಿದದ್ದು ಕೇಳಿಸಿತು. ಪಿಯುಸ್ ಕಿಟಕಿಗೆ ಬಂದ. ಓಣಿಯಲ್ಲಿ ಟ್ರಂಕು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬಟ್ಟೆಯಂಗಡಿಯ ತಿರುವಿನಲ್ಲಿ ಅವನು ನಿಂತ. ಪಿಯುಸ್ ಕಿಟಕಿಯ ಸರಳು ಹಿಡಿದ. ಫೌಸ್ಟಿನ್ ಟ್ರಂಕನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು ತಿರುವು ದಾಟಿದ.

ಮಸೀದಿಯಲ್ಲಿ ಬಾಂಗ್ ಆಯಿತು. ಓಣಿಯ ಅಂಗಡಿಗಳಲ್ಲಿ ದೀಪ ಹತ್ತಿತು. ಯಾರೋ ಮೆಟ್ಟಿಲು ಹತ್ತಿ ಬಂದರು. ಮೇಲಿನ ಮಾಳಿಗೆಯ ದರ್ಜಿಗಳು, ಬಂಗಾಳಿಯಲ್ಲಿ ಮಾತಾಡುತ್ತ ಹಾದುಹೋದರು. ಪಿಯುಸ್ ಬಾಗಿಲ ಕಡೆ ನೋಡಲಿಲ್ಲ, ಆದರೆ ಚಿಲಕವನ್ನೂ ಹಾಕಲಿಲ್ಲ.

ಅನ್ನ ಮಾಡುವ ಸರದಿ ಅಂದು ಶ್ಯಾಮಸುಂದರನದು. ಅವನು ಅಕ್ಕಿಯ ಡಬ್ಬಿಯ ಮುಂದೆ ಲೋಟ ಹಿಡಿದು ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ.

"ಎಷ್ಟು ಜನಕ್ಕೆ ಹಾಕ್ಲಿ ಪಿಯುಸ್?"

ಪಿಯುಸ್ ಕಿಟಕಿಯ ಸರಳು ಬಿಟ್ಟು ಈಚೆ ಬಂದ.

"ದಿನಾ ಹಾಕುವಷ್ಟು ಹಾಕಿ," ಎಂದ.

ಶ್ಯಾಮಸುಂದರ ಮೂರು ಲೋಟ ಅಳೆದು ಹಾಕಿದ. ಮಿಕ್ಕ ಅನ್ನಕ್ಕೆ ಬೆಳಿಗ್ಗೆ ನೀರು ಹೊಯ್ದು, ಉಪ್ಪು ಹಾಕಿ, ಪಿಯುಸ್ ನಿಂತುಕೊಂಡೇ ಉಂಡ. ತಟ್ಟೆ ತೊಳೆದಿಟ್ಟು ಗೋದಾಮಿನ ಬಾಗಿಲು ತೆರೆಯಲು ಕೆಳಗಿಳಿದ.